ಹೊಗೆಗೂಡಿನ ಕಾಲರ್

“ಮೈಕೂ! ಸೋರ್ತಿದ್ಯಾ?”

ಮಾಡಿನ ಮೇಲಿಂದ ಅಪ್ಪನ ಕೂಗು ಬಂತು. ಅಟ್ಟದ ರೂಮಿನಲ್ಲಿ ಹೊಗೆಗೂಡಿನ ಪಕ್ಕ ಕುತ್ತಿಗೆ ಮೇಲೆತ್ತಿ ನಿಂತಿದ್ದ ಮೈಕು ಉತ್ತರ ಹೇಳಲು ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ಟಪ್ ಎಂದು ಒಂದು ಹನಿ ಬಾಯೊಳಗೇ ಬಿತ್ತು.

“ಥೂ ಥೂ! ಸೋರ್ತಿದೆ!”

ಆ ಕೂಗಿಗೆ ಎದುರು ಮನೆಯ ನಾಯಿ ನಿದ್ದೆಯಿಂದ ಎದ್ದು ಬೊಗಳಿತು. ಗೋಡೆ ಮೇಲಿದ್ದ ಪಾರಿವಾಳಗಳು ಪಟಪಟ ಹಾರಿದವು. ಮಾಡಿನ ಮೇಲೆ ಮೊಳೆಯ ಡಬ್ಬ ಉರುಳಿ ಢಣಢಣ ಸದ್ದಾಯಿತು.

ಅವಳ ನಿಜವಾದ ಹೆಸರು ಬೇರೆ. ಒಂದು ದಿನ ಸ್ಕೂಲಿನಲ್ಲಿ ಅಸೆಂಬ್ಲಿ ಹೊತ್ತಿಗೆ ಮೈಕ್ ಕೆಟ್ಟುಹೋಯಿತು. ಟೀಚರ್ ಇವಳನ್ನು ಮುಂದೆ ನಿಲ್ಲಿಸಿ ನ್ಯೂಸ್ ಓದಿಸಿದರು. ಹಿಂದಿನ ಸಾಲಿನವರಿಗೆ ಕೇಳಿಸಿತು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸಿತು. ಅವತ್ತಿನಿಂದ ಅವಳು ಮೈಕು. ಹಾಗಾಗಿ ಈ ಭಾನುವಾರ ಮಾಡಿನ ರಿಪೇರಿಗೆ ನಿಂತಾಗ ಕೂಗುವ ಕೆಲಸ ಯಾರದ್ದು ಎಂದು ಮನೆಯಲ್ಲಿ ಯಾರೂ ಕೇಳಲೇ ಇಲ್ಲ.

ಅವರ ಮನೆಯದು ಇಳಿಜಾರು ಮಾಡು. ಅದರ ಮೇಲೆ ಶಿಂಗಲ್ಸ್ ಹೊದಿಸಿತ್ತು. ಶಿಂಗಲ್ಸ್ ಅಂದರೆ ತೆಳು ಹಲಗೆಯ ಬಿಲ್ಲೆಗಳು; ಮೀನಿನ ಮೈಮೇಲಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಮಳೆನೀರು ಒಂದರ ಬೆನ್ನಿಂದ ಇನ್ನೊಂದರ ಬೆನ್ನಿಗೆ ಜಾರುತ್ತಾ ಕೆಳಗಿಳಿದು ಹೋಗುತ್ತದೆ.

ತೊಂದರೆ ಇದ್ದದ್ದು ಹೊಗೆಗೂಡಿನ ಹತ್ತಿರ. ಇಟ್ಟಿಗೆಯ ಆ ಗೂಡು ಮಾಡಿನಿಂದ ತಲೆ ಹೊರಗೆ ಹಾಕಿದ ಜಾಗದಲ್ಲಿ ಸುತ್ತಲೂ ಸಂದಿ. ಆ ಸಂದಿ ಮುಚ್ಚಲು ತಗಡನ್ನು ಮಡಿಸಿ ಕೂರಿಸಬೇಕು. ಅಂಗಡಿಯವರು ಅದಕ್ಕೆ ಫ್ಲ್ಯಾಶಿಂಗ್ ಅಂದರು. ಹಳೆಯ ಫ್ಲ್ಯಾಶಿಂಗ್ ತುಕ್ಕು ಹಿಡಿದು ಬಿಸ್ಕೆಟ್ಟಿನ ಹಾಗೆ ಪುಡಿಪುಡಿಯಾಗಿತ್ತು.

“ಇದೇನ್ ಮಹಾ?” ಅಂದಿದ್ದ ಅಪ್ಪ. “ಒಂದು ಕುತ್ತಿಗೆ, ಅದಕ್ಕೊಂದು ಕಾಲರ್. ನಾನು ಜನ್ಮ ಪೂರ್ತಿ ಮಾಡಿರೋದೇ ಅದು.”

ಅಪ್ಪ ಟೈಲರ್. ಟೇಪು ಕೊರಳಿಗೆ ಹಾಕಿಕೊಂಡೇ ಏಣಿ ಹತ್ತಿದ. ಹೊಗೆಗೂಡಿನ ಸುತ್ತ ಅಳತೆ ತೆಗೆದ. ಟೇಪು ಬಿಗಿಯುವಾಗ ಅಭ್ಯಾಸಬಲದಿಂದ, “ಹೊಟ್ಟೆ ಒಳಗೆ ಎಳ್ಕೋಬೇಡಿ ಸಾರ್, ಆಮೇಲೆ ಟೈಟಾಗುತ್ತೆ” ಎಂದು ಹೊಗೆಗೂಡಿಗೇ ಹೇಳಿದ. ಆಮೇಲೆ ಪೇಪರಿನಲ್ಲಿ ಕಟಿಂಗ್ ಮಾಡಿ, ಚಾಕ್‌ಪೀಸಿನಿಂದ ಗೆರೆ ಎಳೆದು, ತಗಡು ಕತ್ತರಿಸಿ, ಮಡಿಸಿ, ಚಂದದ ಕಾಲರ್ ಒಂದನ್ನು ತಯಾರು ಮಾಡಿದ. ಗುಂಡಿ ಒಂದು ಕಡಿಮೆ, ಅಷ್ಟೆ.

ಅಪ್ಪನಿಗೆ ಅಸಿಸ್ಟೆಂಟ್ ಅಂತ ಬಂದವನು ಬ್ರೇಕ್ ಮಾವ, ಅಮ್ಮನ ತಮ್ಮ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾನೆ. ದಿನವಿಡೀ ಕಲಿಯುವವರ ಪಕ್ಕ ಕೂತು ಹೆದರಿ ಹೆದರಿ, ಏನೇ ಆದರೂ ಬಲಗಾಲಿನಿಂದ ಬ್ರೇಕ್ ಒತ್ತುವುದು ಅವನಿಗೆ ರೂಢಿಯಾಗಿಬಿಟ್ಟಿದೆ. ಅಜ್ಜಿ ಸೀನಿದರೂ ಒತ್ತುತ್ತಾನೆ. ಅಮ್ಮ ರೇಗಿದರಂತೂ ಎರಡೂ ಕಾಲಿನಲ್ಲಿ ಒತ್ತುತ್ತಾನೆ. ಈಗ ಅಪ್ಪ, ಮಾವ ಇಬ್ಬರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಾಡಿನ ಮೇಲಿದ್ದರು. ಸೋರುತ್ತದೋ ಇಲ್ಲವೋ ನೋಡಲು ಮಾವನ ಕೈಯಲ್ಲಿ ನೀರಿನ ಪೈಪು. ಕೆಳಗೆ ಅಮ್ಮ ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ನಲ್ಲಿ ಹಿಡಿದು ನಿಂತಿದ್ದಳು.

“ಭಾವ, ಇಷ್ಟು ಚೆನ್ನಾಗಿ ಹೊಲಿದ ಮೇಲೂ ಸೋರ್ತಿದೆ ಅಂತಾಳಲ್ಲ!” ಅಂದ ಮಾವ.

ಅಪ್ಪ ಬಗ್ಗಿ ನೋಡಿದ. ಹಣೆ ಚಚ್ಚಿಕೊಂಡ.

“ಅಯ್ಯೋ ನನ್ನ ಬುದ್ಧಿಗಿಷ್ಟು! ಕಾಲರ್ ಅಂದ ಮೇಲೆ ಕೋಟಿನ ಮೇಲೆ ಕಾಣಬೇಕು ಅಂತ ನಾಲ್ಕೂ ಕಡೆ ಮೇಲೆ ಕೂರಿಸಿದೀನಿ ಕಣಯ್ಯ. ನೀರು ಬರೋದು ಮೇಲಿನಿಂದ. ಕಾಲರಿನ ಅಡಿಗೆ ನುಗ್ಗಿ ನೆಟ್ಟಗೆ ಒಳಗೆ ಹೋಗ್ತಿದೆ. ಮೇಲ್ಗಡೆ ಅಂಚನ್ನ ಶಿಂಗಲ್ಸ್ ಅಡಿಗೆ ತೂರಿಸಬೇಕು, ಕೆಳಗಡೆದು ಮಾತ್ರ ಶಿಂಗಲ್ಸ್ ಮೇಲೆ ಬರಬೇಕು. ಪಕ್ಕದಲ್ಲಿ ಒಂದು ತಗಡು, ಒಂದು ಶಿಂಗಲ್, ಒಂದು ತಗಡು, ಒಂದು ಶಿಂಗಲ್!”

“ಜಡೆ ಹೆಣೆದ ಹಾಗೆ.”

“ಹಾಂ. ತೆಗಿ ಮೊಳೆ.”

ಠಕ್ ಠಕ್ ಎಂದು ಮತ್ತೆ ಕೆಲಸ ಶುರುವಾಯಿತು. ಮೈಕು ಮಂಚದ ಮೇಲೆ ಕುಳಿತು ರೂಮನ್ನು ನೋಡಿದಳು.

ಈ ರೂಮಿಗಾಗಿ ಅವಳು ಮಾಡಿದ ಗಲಾಟೆ ಒಂದೆರಡಲ್ಲ. ಬಟ್ಟೆಯ ಥಾನು ತುಂಬಿದ್ದ ಅಟ್ಟವನ್ನು ಖಾಲಿ ಮಾಡಿಸಿದ್ದಳು. ಗೋಡೆಗೆ ಹಳದಿ ಬಣ್ಣ ಬಳಿಸಿದ್ದಳು. ಕ್ಲಾಸಿನಲ್ಲಿ ಎಲ್ಲರಿಗೂ, “ನಂಗೆ ಸ್ವಂತ ರೂಮಿದೆ, ನಿಮಗಿದ್ಯಾ?” ಎಂದು ಹೊಟ್ಟೆ ಉರಿಸಿದ್ದಳು. ಬಾಗಿಲಿಗೆ, “ಪರ್ಮಿಷನ್ ಇಲ್ಲದೆ ಯಾರೂ ಒಳಗೆ ಬರಬಾರದು” ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದಳು.

ಆಮೇಲೆ ಯಾರೂ ಬರಲೇ ಇಲ್ಲ. ಅದೇ ತೊಂದರೆಯಾದದ್ದು.

ಕತ್ತಲಾದ ಮೇಲೆ ಅಟ್ಟ ಕಿರ್ ಅನ್ನುತ್ತಿತ್ತು. ಕಿಟಕಿ ಕುಯ್ ಅನ್ನುತ್ತಿತ್ತು. ಮೈಕು ಬೆಡ್‌ಶೀಟು ಮೂಗಿನ ತನಕ ಎಳೆದುಕೊಂಡು ಲೈಟು ಹಾಕಿಕೊಂಡೇ ಮಲಗುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಅಷ್ಟು ಗಲಾಟೆ ಮಾಡಿದವಳು!

ಅಷ್ಟರಲ್ಲಿ ದೇವರೇ ಕಳಿಸಿದ ಹಾಗೆ ಮಳೆ ಬಂತು. ಅಟ್ಟ ಸೋರಿತು, ಹಾಸಿಗೆ ಒದ್ದೆಯಾಯಿತು. “ರಿಪೇರಿ ಆಗೋ ತನಕ ಅಜ್ಜಿ ಜೊತೆ ಮಲಗು” ಎಂದಳು ಅಮ್ಮ. “ಛೇ, ಏನಮ್ಮ!” ಎಂದು ಮುಖ ಸಿಂಡರಿಸಿ, ಮೈಕು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದ್ದಳು.

ಅಜ್ಜಿಯ ರೂಮಿನಲ್ಲಿ ಮಜವೇ ಮಜ. ಅಜ್ಜಿ ರೇಡಿಯೋದಲ್ಲಿ ನ್ಯೂಸ್ ಓದುವವರ ಜೊತೆ ಜಗಳ ಆಡುತ್ತಾಳೆ. “ಹೌದಾ? ನೀನು ನೋಡಿದ್ಯಾ?” ಎಂದು ಕೇಳುತ್ತಾಳೆ. ಮಲಗುವ ಮುಂಚೆ, “ಇವತ್ತು ಸ್ಕೂಲಲ್ಲಿ ಯಾರು ಯಾರ ಜೊತೆ ಟೂ ಬಿಟ್ರು?” ಎಂದು ತಪ್ಪದೆ ವಿಚಾರಿಸಿ, ಕತೆ ಪೂರ್ತಿ ಕೇಳುವ ಮೊದಲೇ ಒಂದು ಪಾರ್ಟಿ ಸೇರಿಬಿಡುತ್ತಾಳೆ. ಅವಳ ಗೊರಕೆಯೋ, ಹಳೇ ಸ್ಕೂಟರ್ ಸ್ಟಾರ್ಟ್ ಆದ ಹಾಗೆ. ಒಂದು ಕಿಕ್, ಎರಡು ಕಿಕ್, ಆಮೇಲೆ ಗಾಡಿ ಹೊರಟಿತು ಅಂತಲೇ ಲೆಕ್ಕ. ಆ ಸದ್ದು ಇದ್ದರೆ ಕಿರ್ ಆಗಲಿ ಕುಯ್ ಆಗಲಿ ಹತ್ತಿರ ಸುಳಿಯುವ ಧೈರ್ಯವೇ ಮಾಡುವುದಿಲ್ಲ.

ಮಾಡು ಸರಿಹೋದರೆ ಅದೆಲ್ಲ ಇವತ್ತಿಗೆ ಮುಗಿಯಿತು.

“ನಲ್ಲಿ ಬಿಡೇ!” ಅಪ್ಪ ಕೂಗಿದ. ನೀರು ಮಾಡಿನ ಮೇಲೆ ಸರಸರ ಹರಿಯಿತು. ಮೈಕು ಮೇಲೆ ನೋಡಿದಳು. ಎಡಗಡೆ ಒಣಗಿತ್ತು. ಬಲಗಡೆ ಒಣಗಿತ್ತು. ಹೊಗೆಗೂಡಿನ ಹಿಂದೆ ತೂರಿ ನೋಡಿದಳು. ಅಲ್ಲೂ ಹಪ್ಪಳದ ಹಾಗೆ ಒಣಗಿತ್ತು.

“ಮೈಕೂ! ಸೋರ್ತಿದ್ಯಾ?”

‘ಇಲ್ಲ’ ಎನ್ನುವ ಮಾತು ನಾಲಿಗೆಯ ತುದಿಯ ತನಕ ಬಂದಿತ್ತು.

“ಸೋರ್ತಿದೆ!”

ಅವಳಿಗೇ ಆಶ್ಚರ್ಯವಾಯಿತು. ಬಾಯಿ ತನ್ನದೇ, ದನಿಯೂ ತನ್ನದೇ. ಆದರೆ ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ!

“ಎಲ್ಲೇ?” ಅಪ್ಪನ ದನಿ ಸಪ್ಪಗಾಗಿತ್ತು.

“ಅಲ್ಲಿ!”

“ಅಲ್ಲಿ ಅಂದ್ರೆ?”

“ಎಡಗಡೆ!”

“ನಿನ್ನ ಎಡಗಡೆನಾ, ನನ್ನ ಎಡಗಡೆನಾ?”

“ಹೊಗೆಗೂಡಿನ ಎಡಗಡೆ!”

ಮಾಡಿನ ಮೇಲೆ ಹೊಗೆಗೂಡಿನ ಸುತ್ತ ಒಂದು ಸುತ್ತು ತೆವಳಿದ ಸದ್ದಾಯಿತು. ಆಮೇಲೆ ಮಾವನ ದನಿ ಕೇಳಿಸಿತು. “ಭಾವ, ಹೊಗೆಗೂಡು ಯಾವ ಕಡೆ ಮುಖ ಮಾಡ್ಕೊಂಡಿದೆ?”

ಯಾವುದಕ್ಕೂ ಇರಲಿ ಎಂದು ಅಪ್ಪ ಎರಡೂ ಕಡೆ ಬಿಚ್ಚಿದ. ಒಂದು ತಗಡು, ಒಂದು ಶಿಂಗಲ್. ಒಂದು ತಗಡು, ಒಂದು ಶಿಂಗಲ್. ಮತ್ತೆ ಜಡೆ ಹೆಣೆದ. ಈ ಸಲ ಮಾವ ಸುಮ್ಮನೆ ಇರಲಿಲ್ಲ. “ನಾನೊಂದು ಐಡಿಯಾ ಮಾಡ್ತೀನಿ” ಎಂದು ಒಂದು ಡಬ್ಬ ಕಪ್ಪು ಡಾಂಬರಿನ ಗೋಂದು ತಂದು, ಬ್ರೆಡ್ಡಿಗೆ ಜ್ಯಾಮ್ ಸವರಿದ ಹಾಗೆ ಸಂದಿಗೆಲ್ಲ ಸವರಿದ. ಕೈತಪ್ಪಿ ಸಂದಿ ಇಲ್ಲದ ಕಡೆಗೂ ಸವರಿದ. ಸವರಿ ಸುಸ್ತಾಗಿ, ಎಲ್ಲಿ ಸವರಿದ್ದನೋ ಅಲ್ಲೇ ಕುಳಿತ.

“ಮೈಕೂ! ಈಗ?”

ಒಣಗಿತ್ತು. ಮೊದಲಿಗಿಂತ ಹೆಚ್ಚು ಒಣಗಿತ್ತು.

ಈಗ ‘ಇಲ್ಲ’ ಅಂದರೆ, ಆಗ ಯಾಕೆ ‘ಹೌದು’ ಅಂದೆ ಅಂತ ಬರುತ್ತದಲ್ಲ!

“ಸ್ವಲ್ಪ ಸೋರ್ತಿದೆ!”

“ಸ್ವಲ್ಪ ಅಂದ್ರೆ ಎಷ್ಟು?”

“ಒಂದ್ ಹನಿ... ಅರ್ಧ ಹನಿ!”

“ಅರ್ಧ ಹನಿ ಹೆಂಗೇ ಬೀಳುತ್ತೆ?” ಎಂದು ಕೆಳಗಿನಿಂದ ಅಮ್ಮ ರೇಗಿದಳು.

ಅಮ್ಮನ ದನಿ ಕೇಳಿದ್ದೇ ತಡ, ಮಾವನ ಎರಡೂ ಕಾಲು ಬ್ರೇಕ್ ಒತ್ತಿದವು. ಜಾರಬೇಕಿತ್ತು, ಜಾರಲಿಲ್ಲ. ಏಳಲು ನೋಡಿದ, ಏಳಲೂ ಆಗಲಿಲ್ಲ.

“ಅಕ್ಕಾ... ಅಂಟ್ಕೊಂಡ್‌ಬಿಟ್ಟೆ!”

“ಏನು ಅಂಟಿತೋ?”

“ನಾನೇ!”

ಅಪ್ಪ ಎರಡು ಕಂಕುಳಲ್ಲೂ ಕೈ ಹಾಕಿ ಎಳೆದ. ಮಾವ ಬರಲಿಲ್ಲ. “ಪ್ಯಾಂಟು ಕತ್ತರಿಸ್ಲಾ?” ಎಂದ ಅಪ್ಪ. “ಬೇಡ ಭಾವ, ನೀವೇ ಹೊಲಿದಿದ್ದು!” ಎಂದು ಮಾವ ಅಂಗಲಾಚಿದ. ಅಪ್ಪನಿಗೂ ಮನಸ್ಸು ಬರಲಿಲ್ಲ. ದಮ್ ಕಟ್ಟಿ ಇನ್ನೊಮ್ಮೆ ಎಳೆದಾಗ ಪರ್ ಎಂದು ಸದ್ದಾಗಿ ಮಾವ ಎದ್ದ. ಅವನ ಜೊತೆ ಒಂದು ಶಿಂಗಲ್ ಕೂಡ ಎದ್ದಿತು. ಹಿಂದೆ ಬಾಲದ ಹಾಗೆ ಅದನ್ನು ಅಂಟಿಸಿಕೊಂಡೇ ಮಾವ ಏಣಿ ಇಳಿದ. ಎದುರು ಮನೆಯ ನಾಯಿ ಈ ಸಲ ಬೊಗಳಲಿಲ್ಲ. ಸುಮ್ಮನೆ ನಿಂತು ನೋಡಿತು.

ಕಿಟಕಿಯಿಂದ ನೋಡುತ್ತಿದ್ದ ಮೈಕು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಇದ್ದಳು, ಅಪ್ಪನ ಮಾತು ಕಿವಿಗೆ ಬೀಳುವ ತನಕ.

“ಆಗ್ತಿಲ್ಲ ಕಣೆ.” ಅಪ್ಪ ಮಾಡಿನ ಅಂಚಿಗೆ ಬಂದು ಅಮ್ಮನಿಗೆ ಹೇಳುತ್ತಿದ್ದ. “ಅಳತೆ ಸರಿ ಇದೆ, ಮಡಿಕೆ ಸರಿ ಇದೆ. ಆದ್ರೂ ಸೋರ್ತಿದೆ ಅಂದ್ರೆ ಏನ್ ಹೇಳೋದು? ಇಷ್ಟು ವರ್ಷ ಕತ್ತರಿ ಹಿಡಿದ ಕೈ, ಒಂದು ತಗಡು ಕೂರಿಸೋಕೆ ಬರ್ಲಿಲ್ಲ ನೋಡು.”

“ಇಳಿದು ಬನ್ನಿ ಅತ್ಲಾಗೆ. ಅವಳು ಅಜ್ಜಿ ಹತ್ರಾನೇ ಮಲ್ಕೋತಾಳೆ ಬಿಡಿ.”

“ಪಾಪ ಕಣೆ, ರೂಮು ರೂಮು ಅಂತ ಎಷ್ಟು ಆಸೆಪಟ್ಟಿದ್ಲು. ಇನ್ನೊಂದ್ ಸಲ ನೋಡ್ತೀನಿ ಇರು. ಆ ಬಾಲ ಕಿತ್ತು ಮೇಲೆ ಕೊಡು, ಮೊಳೆ ಹೊಡೀತೀನಿ.”

ಮೈಕು ಕಿಟಕಿಯಿಂದ ಕತ್ತು ಹೊರಗೆ ಚಾಚಿ ನೋಡಿದಳು. ನಗು ಎಲ್ಲಿ ಹೋಯಿತೋ. ಮಂಡಿಯೂರಿ ತೆವಳುತ್ತಾ ಹೊಗೆಗೂಡಿನ ಕಡೆ ಹೋಗುತ್ತಿದ್ದ ಅಪ್ಪನ ಪ್ಯಾಂಟಿನ ಮಂಡಿ ಎರಡೂ ಹರಿದಿದ್ದವು. ಊರಿಗೆಲ್ಲ ಇಸ್ತ್ರಿ ಮುರಿಯದ ಪ್ಯಾಂಟು ಹೊಲಿದು ಕೊಡುವ ಅಪ್ಪ!

ಈ ಸಲ ನಿಜ ಹೇಳಿಬಿಡೋಣ ಎಂದುಕೊಂಡಳು. ಏನಾದರಾಗಲಿ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಉಸ್ಸಪ್ಪಾ ಉಸ್ಸಪ್ಪಾ ಎಂಬ ಸದ್ದು. ಅಜ್ಜಿ! ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ನೀರಿನ ಲೋಟ. ಅಮ್ಮನ ಅಮ್ಮ. ಮೆಟ್ಟಿಲು ಅಂದರೆ ಮಂಡಿನೋವು ಎಂದು ಈ ರೂಮಿಗೆ ಕಾಲಿಟ್ಟವಳೇ ಅಲ್ಲ. ಬಂದವಳು ಬಾಗಿಲಲ್ಲಿ ನಿಂತು ಚೀಟಿ ಓದಿದಳು.

“ಪರ್ಮಿಷನ್ ಕೊಡ್ತೀಯೇನಮ್ಮ?”

“ಬಾ ಅಜ್ಜಿ. ಯಾಕೆ ಮೇಲೆ ಬಂದೆ?”

“ಬೆಳಗ್ಗಿಂದ ಸೋರ್ತಿದೆ ಸೋರ್ತಿದೆ ಅಂತ ಊರೆಲ್ಲ ಸಾರ್ತಿದ್ದೀಯಲ್ಲ. ಎಷ್ಟು ಸೋರ್ತಿದೆ ಅಂತ ನೋಡೋಣ ಅಂತ.” ಅಜ್ಜಿ ಮಂಚದ ಮೇಲೆ ಕುಳಿತು ಮೇಲೆ ನೋಡಿದಳು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದಳು. ಆಮೇಲೆ ಮೈಕುವನ್ನು ನೋಡಿದಳು.

ಮಾಡಿನ ಮೇಲೆ ನೀರು ಹರಿಯಿತು.

“ಮೈಕೂ!” ಅಪ್ಪನ ದನಿ ಬಳಲಿತ್ತು. “ಸೋರ್ತಿದ್ಯಾ ಮಗಾ?”

ಮೈಕು ಉಸಿರು ಎಳೆದುಕೊಂಡು ಬಾಯಿ ತೆರೆದಳು.

“ಸೋರ್ತಿದೆ!”

ಕೂಗಿದ್ದು ಮೈಕು ಅಲ್ಲ.

“ಸೋರ್ತಿದೆ ಅಳಿಯಂದ್ರೇ! ಧೋ ಅಂತ ಸುರೀತಿದೆ!” ಎಂದು ಕೂಗುತ್ತಲೇ ಅಜ್ಜಿ ಲೋಟದ ನೀರನ್ನು ನೆಲದ ಮೇಲೆ ಸುರಿದಳು. ಸುರಿದ ಮೇಲೆ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮೈಕುವಿನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ದಡದಡ ಎಂದು ಅಪ್ಪ ಮೆಟ್ಟಿಲು ಹತ್ತಿ ಬಂದ. ಹಿಂದೆ ಬೆಡ್‌ಶೀಟು ಸುತ್ತಿಕೊಂಡ ಮಾವ, ಅವನ ಹಿಂದೆ ಅಮ್ಮ. ಅಪ್ಪ ಮೇಲೆ ನೋಡಿದ. ಹಲಗೆ ಒಣಗಿತ್ತು. ಕೆಳಗೆ ನೋಡಿದ. ನೆಲ ಒದ್ದೆ.

“ಇದ್ಯಾವ ಸೀಮೆ ಸೋರಿಕೆ? ಮೇಲೆ ಒಣಗಿದೆ, ಕೆಳಗೆ ಒದ್ದೆ!”

“ಕೆಳಗಿಂದ ಮೇಲಕ್ಕೆ ಹೋಗ್ತಿರಬೇಕು ಭಾವ” ಅಂದ ಮಾವ.

ಅಪ್ಪ ಬಗ್ಗಿ ನೀರಿಗೆ ಬೆರಳು ಅದ್ದಿದ. ಅವನ ಹುಬ್ಬು ಮೇಲೇರಿತು.

“ಅತ್ತೆ, ಈ ನೀರು ಬೆಚ್ಚಗಿದೆ.”

ಮನೆಯಲ್ಲಿ ಬಿಸಿನೀರು ಕುಡಿಯುವವರು ಒಬ್ಬರೇ. ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

“ಬಿಸಿಲಿಗೆ ಮಾಡು ಕಾದಿರುತ್ತಲ್ಲ ಅಳಿಯಂದ್ರೇ” ಅಂದಳು ಅಜ್ಜಿ. ಹೊರಗೆ ಬೆಳಗ್ಗಿನಿಂದ ಬರೀ ಮೋಡ.

ಮೈಕು ಅಜ್ಜಿಯ ಮುಖ ನೋಡಿದಳು. ಹೋಂವರ್ಕ್ ಮಾಡದೆ, ‘ಬುಕ್ ಮನೇಲಿ ಬಿಟ್ಟು ಬಂದೆ ಮಿಸ್’ ಎಂದು ನಿಲ್ಲುವವರ ಮುಖ ಅದು. ಆ ಮುಖ ಮೈಕುವಿಗೆ ಚೆನ್ನಾಗಿ ಗೊತ್ತಿತ್ತು. ಒಳಗಿನಿಂದ ಗೊತ್ತಿತ್ತು. ಆದರೆ ದೊಡ್ಡವರ ಹತ್ತಿರವೂ ಅಂಥ ಮುಖ ಇರುತ್ತದೆ ಎನ್ನುವುದು ಮಾತ್ರ ಇವತ್ತೇ ಗೊತ್ತಾದದ್ದು.

“ಅಪ್ಪಾ” ಅಂದಳು. ಅವಳ ದನಿ ಅಷ್ಟು ಸಣ್ಣಗೆ ಬಂದದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ. “ಸೋರ್ತಿಲ್ಲ. ಆಗ್ಲೂ ಸೋರ್ತಿರ್ಲಿಲ್ಲ. ನೀನು ಜಡೆ ಹೆಣೆದ ಹಾಗೆ ಮಾಡಿದ್ಯಲ್ಲ, ಆವಾಗಿಂದ ಒಂದ್ ಹನೀನೂ ಬಿದ್ದಿಲ್ಲ. ನಾನು ಸುಳ್ಳು ಹೇಳ್ದೆ.”

“ಒಂದ್ ಹನೀನೂ?”

“ಇಲ್ಲ.”

“ಎಡಗಡೆ?”

“ಇಲ್ಲಪ್ಪ.”

ಅಪ್ಪನ ಮುಖ ನಿಧಾನವಾಗಿ ಅರಳಿತು. “ಕೇಳಿದ್ಯೇನೇ!” ಎಂದು ಅಮ್ಮನ ಭುಜ ಹಿಡಿದು ಅಲುಗಾಡಿಸಿದ. “ಎರಡನೇ ಸಲಕ್ಕೇ ಪರ್ಫೆಕ್ಟ್ ಆಗಿತ್ತಂತೆ! ನಾನು ಹೇಳ್ಲಿಲ್ವಾ, ಅಳತೆ ತಪ್ಪೋದೇ ಇಲ್ಲ ಅಂತ!” ಇಷ್ಟು ಹೇಳಿದ ಮೇಲೆ ಅವನಿಗೆ ಉಳಿದರ್ಧ ತಲೆಗೆ ಹೋಯಿತು. “ಏನಂದೆ? ಸುಳ್ಳಾ?”

“ಹಾಗಾದ್ರೆ ನನ್ನ ಪ್ಯಾಂಟು?” ಎಂದ ಮಾವ ಬೆಡ್‌ಶೀಟು ಬಿಗಿ ಹಿಡಿದುಕೊಂಡು.

ಅಮ್ಮ ಒಮ್ಮೆ ಮಗಳನ್ನು, ಒಮ್ಮೆ ತಾಯಿಯನ್ನು ನೋಡಿದಳು. ಮಾವ ಬೆಡ್‌ಶೀಟಿನೊಳಗೇ ಬ್ರೇಕ್ ಒತ್ತಿದ.

ಮಧ್ಯಾಹ್ನವೆಲ್ಲ ಮೈಕು ಮತ್ತು ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಅಕ್ಕಪಕ್ಕ ಕುಳಿತು, ಸೀಮೆಎಣ್ಣೆ ಬಟ್ಟೆಯಿಂದ ಪ್ಯಾಂಟಿನ ಡಾಂಬರು ತಿಕ್ಕಿದರು. ಅಮ್ಮನ ಆರ್ಡರ್. ಒಂದು ಕಾಲು ಇವಳಿಗೆ, ಒಂದು ಕಾಲು ಅವಳಿಗೆ. ನಡುವಿನ ಜಾಗ ಮಾತ್ರ ಯಾರದ್ದು ಎಂದು ಸ್ವಲ್ಪ ಹೊತ್ತು ವಾದವಾಯಿತು.

“ಅಜ್ಜಿ, ನೀನ್ಯಾಕೆ ಸುಳ್ಳು ಹೇಳಿದ್ದು?” ಮೈಕು ಪಿಸುಗುಟ್ಟಿದಳು.

“ನೀನ್ಯಾಕೆ ಹೇಳಿದ್ದು?”

ಇಬ್ಬರೂ ತಲೆ ಬಗ್ಗಿಸಿ ಜೋರಾಗಿ ತಿಕ್ಕಿದರು.

ಸಂಜೆಗೆ ನಿಜವಾದ ಮಳೆಯೇ ಬಂತು, ಅದೂ ಗುಡುಗಿನ ಸಮೇತ. ಅಪ್ಪ ಎಲ್ಲರನ್ನೂ ಅಟ್ಟಕ್ಕೆ ಕರೆದೊಯ್ದ. ಐದೂ ಜನ ಮಂಚದ ಮೇಲೆ ಒತ್ತೊತ್ತಾಗಿ ಕುಳಿತು, ಸಿನಿಮಾ ನೋಡುವವರ ಹಾಗೆ ಕತ್ತೆತ್ತಿ ಹಲಗೆಯನ್ನೇ ನೋಡಿದರು. ಮಳೆ ಬಡಿಯಿತು, ಕುಟ್ಟಿತು, ಜಾರಿತು. ಒಂದು ಹನಿ ಒಳಗೆ ಬರಲಿಲ್ಲ.

“ಕಾಲರ್ ಅಂದ್ರೆ ಇದು” ಅಂದ ಅಪ್ಪ. ಯಾರೂ ಏನೂ ಹೇಳದಿದ್ದಾಗ ಇನ್ನೊಂದು ಸಲ ಅಂದ.

ಅಮ್ಮ ಅಡುಗೆಗೆ ಹೋದಳು. ಮಾವ ಮನೆಗೆ ಹೊರಟ. ಕೊನೆಗೆ ಅಜ್ಜಿ ಎದ್ದು, ಹಳದಿ ಗೋಡೆಯನ್ನು ಸವರಿ, “ಚೆನ್ನಾಗಿದೆ ಕಣೇ ನಿನ್ನ ರೂಮು” ಎಂದು ಹೇಳಿ, ಉಸ್ಸಪ್ಪಾ ಎನ್ನುತ್ತಾ ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಮೈಕು ಒಬ್ಬಳೇ ಕುಳಿತಳು. ಹಾಸಿಗೆ ಒಣಗಿತ್ತು. ನೆಲ ಒಣಗಿತ್ತು. ಕೆಳಗೆ ಹೋಗುವುದಕ್ಕೆ ಈಗ ಒಂದು ಕಾರಣವೂ ಉಳಿದಿರಲಿಲ್ಲ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ಲೈಟು ಆರಿಸಿ ಹೊರಟಳು.

ಮೆಟ್ಟಿಲ ಅರ್ಧದಲ್ಲಿ ಅಪ್ಪ ಎದುರಾದ. ದಿಂಬು ನೋಡಿ ಗಾಬರಿಯಾದ.

“ಏನೇ? ಸೋರ್ತಿದ್ಯಾ?”

“ಇಲ್ಲಪ್ಪ.”

“ಮತ್ತೆ ಎಲ್ಲಿಗೆ?”

“ಅಜ್ಜಿ ರೂಮಿಗೆ.”

“ಯಾಕೆ?”

“ಸುಮ್ನೆ.”

ಅಪ್ಪ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.